ಸಲಹೆ ಒಬ್ಬರದು, ಸಹಿ ಇನ್ನೊಬ್ಬರದು: ವಿಶ್ವವಿದ್ಯಾಲಯದ ಹಿರಿಯ ಎಚ್‌.ಆರ್. ಸಲಹೆಗಾರರು ಮಾಡುವ ಕೆಲಸವೇನು?

2025ರ ಜೂನ್ ತಿಂಗಳಲ್ಲಿ ಅಬರ್ಡೀನ್, ಯಾರ್ಕ್, ವೆಸ್ಟರ್ನ್ ಆಸ್ಟ್ರೇಲಿಯಾ, ಇಲಿನಾಯ್ ಟೆಕ್ ಮೊದಲಾದ ವಿದೇಶಿ ವಿಶ್ವವಿದ್ಯಾಲಯಗಳಿಗೆ ಮುಂಬೈ ಮತ್ತು ನವಿ ಮುಂಬೈ ಭಾಗದಲ್ಲಿ ಕ್ಯಾಂಪಸ್ ತೆರೆಯಲು ಆಶಯಪತ್ರ (ಲೆಟರ್ ಆಫ್ ಇಂಟೆಂಟ್) ದೊರೆತ ಮೇಲೆ, ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಹೊಸ ಬಗೆಯ ವಿಚಾರಣೆಯೊಂದು ಕೇಳಿಬರುತ್ತಿದೆ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಬೆಳೆದು, ಎಂ.ಬಿ.ಎ. ಮುಗಿಸಿ, ಬ್ಯಾಂಕಿನಲ್ಲಿ ಇಲ್ಲವೇ ಐಟಿ ಕಂಪನಿಯಲ್ಲಿ ಎಚ್‌.ಆರ್. ಕೆಲಸ ಮಾಡಿ ಪಳಗಿದ ಮಕ್ಕಳು ‘ವಿಶ್ವವಿದ್ಯಾಲಯದಲ್ಲಿ ಸೀನಿಯರ್ ಎಚ್‌.ಆರ್. ಅಡ್ವೈಸರ್ ಹುದ್ದೆಗೆ ಅರ್ಜಿ ಹಾಕಲೇ?’ ಎಂದು ಕೇಳುತ್ತಾರೆ. ತಂದೆತಾಯಿಗಳಿಗೆ ವಿಶ್ವವಿದ್ಯಾಲಯವೆಂದರೆ ಪ್ರೊಫೆಸರು, ಪರೀಕ್ಷೆ, ಪದವಿ ಪ್ರಮಾಣಪತ್ರ. ಅಲ್ಲಿ ಸಲಹೆಗಾರರಿಗೆ ಏನು ಕೆಲಸ ಎಂಬುದು ತಿಳಿಯುವುದಿಲ್ಲ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಈ ಹುದ್ದೆಯ ಹೆಸರು ಹಳೆಯದು. ಇಲ್ಲಿ ಹೆಸರು ಹೊಸದಾದರೂ ಕೆಲಸ ಹೊಸದಲ್ಲ.

ಮೊದಲು, ಎಚ್‌.ಆರ್. ಎಂದರೇನು?

ಮಾಟುಂಗಾದ ಒಂದು ಉಡುಪಿ ಹೋಟೆಲನ್ನು ಕಣ್ಣ ಮುಂದೆ ತಂದುಕೊಂಡರೆ ವಿಷಯ ಸುಲಭವಾಗುತ್ತದೆ. ಗಲ್ಲಾದಲ್ಲಿ ಧಣಿ, ಒಳಗೆ ಅಡಿಗೆ ಭಟ್ಟರು, ಹೊರಗೆ ಸಪ್ಲಾಯರು, ಟೇಬಲು ಒರೆಸುವ ಹುಡುಗರು, ಇವರೆಲ್ಲರ ನಡುವೆ ಒಬ್ಬ ಮ್ಯಾನೇಜರ್. ಊರಿನಿಂದ ಹೊಸ ಹುಡುಗನನ್ನು ಕರೆಸುವುದು, ಯಾರಿಗೆ ಎಷ್ಟು ಸಂಬಳವೆಂದು ಲೆಕ್ಕವಿಡುವುದು, ಕೋಲಕ್ಕೋ ಮದುವೆಗೋ ಊರಿಗೆ ಹೊರಟವನಿಗೆ ರಜೆ ಹೊಂದಿಸುವುದು, ಭಟ್ಟರಿಗೂ ಸಪ್ಲಾಯರಿಗೂ ಜಗಳ ಹತ್ತಿದರೆ ಬಿಡಿಸುವುದು: ಈ ನಾಲ್ಕು ಕೆಲಸಗಳನ್ನು ಒಟ್ಟುಗೂಡಿಸಿದರೆ ಇಂದು ಮಾನವ ಸಂಪನ್ಮೂಲ ಎಂದು ಕರೆಯುವ ವಿಷಯದ ಬಹುಪಾಲು ಬಂದಂತಾಯಿತು. ವ್ಯತ್ಯಾಸವಿರುವುದು ಗಾತ್ರದಲ್ಲಿ ಮತ್ತು ಕಾಗದದಲ್ಲಿ. ಇಪ್ಪತ್ತು ಜನರ ಹೋಟೆಲು ನೆನಪಿನ ಬಲದ ಮೇಲೆ ನಡೆಯುತ್ತದೆ, ಎರಡು ಸಾವಿರ ಜನರ ಸಂಸ್ಥೆ ನಿಯಮದ ಬಲದ ಮೇಲೆ ನಡೆಯಬೇಕಾಗುತ್ತದೆ.

ಈ ವೃತ್ತಿಯ ಒಂದು ಬೇರು ಮುಂಬೈಯಲ್ಲಿಯೇ ಇದೆ. 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು, ಮತ್ತು ಅಂಥ ಕೆಲಸಕ್ಕೆ ಬೇಕಾದ ಶಿಕ್ಷಣವನ್ನು 1936ರಲ್ಲಿ ಸ್ಥಾಪನೆಯಾದ, ಈಗ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆ ಈ ನಗರದಲ್ಲಿ ಕೊಡುತ್ತ ಬಂದಿತು. ಗಿರಣಿಯ ಲೇಬರ್ ಆಫೀಸರ್, ಆಮೇಲಿನ ಪರ್ಸೊನೆಲ್ ಮ್ಯಾನೇಜರ್, ಈಗಿನ ಎಚ್‌.ಆರ್. ಇವೆಲ್ಲ ಒಂದೇ ಮನೆತನದ ಮೂರು ತಲೆಮಾರುಗಳು.

ವಿಶ್ವವಿದ್ಯಾಲಯವು ಕಂಪನಿಗಿಂತ ಹೌಸಿಂಗ್ ಸೊಸೈಟಿಗೆ ಹತ್ತಿರ

ಕಂಪನಿಯಲ್ಲಿ ಎಚ್‌.ಆರ್. ಕೆಲಸ ಮಾಡಿದವರು ವಿಶ್ವವಿದ್ಯಾಲಯಕ್ಕೆ ಬಂದಾಗ ಮೊದಲು ಎಡವುವುದು ಇಲ್ಲಿ. ಕಂಪನಿಯಲ್ಲಿ ಧಣಿ ಯಾರೆಂಬುದು ಸ್ಪಷ್ಟ, ಮೇಲಿನವರು ಹೇಳಿದರೆ ಕೆಳಗೆ ಕೆಲಸವಾಗುತ್ತದೆ. ವಿಶ್ವವಿದ್ಯಾಲಯದ ರಚನೆ ಹಾಗಿಲ್ಲ. ಮುಂಬೈಯ ಯಾವುದೇ ಹೌಸಿಂಗ್ ಸೊಸೈಟಿಯಲ್ಲಿ ಸೆಕ್ರೆಟರಿ ಎಷ್ಟೇ ಪ್ರಭಾವಿಯಾಗಿದ್ದರೂ ತನಗೆ ಬೇಕಾದವರಿಗೆ ಪಾರ್ಕಿಂಗ್ ಜಾಗ ಬರೆದುಕೊಡಲಾರ. ಅದು ಕಮಿಟಿಗೆ ಹೋಗಬೇಕು, ಕೆಲವು ವಿಷಯ ಜನರಲ್ ಬಾಡಿಗೆ ಹೋಗಬೇಕು, ಎಲ್ಲದರ ಮೇಲೂ ಬೈಲಾ ಇದೆ, ಬೈಲಾ ಮೀರಿದರೆ ಸಹಕಾರ ಸಂಘಗಳ ರಿಜಿಸ್ಟ್ರಾರರ ಕಚೇರಿ ಇದೆ. ವಿಶ್ವವಿದ್ಯಾಲಯವೂ ಹೀಗೆಯೇ ನಡೆಯುತ್ತದೆ. 1857ರಲ್ಲಿ ಸ್ಥಾಪನೆಯಾದ ಮುಂಬೈ ವಿಶ್ವವಿದ್ಯಾಲಯ, 1949ರಲ್ಲಿ ಆರಂಭವಾಗಿ 2014ರಲ್ಲಿ ಸಾವಿತ್ರಿಬಾಯಿ ಫುಲೆಯವರ ಹೆಸರು ಪಡೆದ ಪುಣೆ ವಿಶ್ವವಿದ್ಯಾಲಯ, ಇವೆರಡೂ 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ ಅಡಿಯಲ್ಲಿ ನಡೆಯುತ್ತವೆ. ಸೆನೆಟ್, ಮ್ಯಾನೇಜ್‌ಮೆಂಟ್ ಕೌನ್ಸಿಲ್, ಅಕಾಡೆಮಿಕ್ ಕೌನ್ಸಿಲ್ ಎಂಬ ಮಂಡಳಿಗಳಲ್ಲಿ ಅಧಿಕಾರ ಹಂಚಿಹೋಗಿದೆ. 1985ರಲ್ಲಿ ಆರಂಭವಾದ ಗೋವಾ ವಿಶ್ವವಿದ್ಯಾಲಯಕ್ಕೆ ಅದರದೇ ಕಾಯ್ದೆ, ಅದರದೇ ನಿಯಮಾವಳಿ. ಆದ್ದರಿಂದ ಮುಂಬೈ ವಿಶ್ವವಿದ್ಯಾಲಯದ ಕಾಲಿನಾ ಆವರಣದಲ್ಲಿ ಕಲಿತದ್ದನ್ನು ಗೋವಾ ವಿಶ್ವವಿದ್ಯಾಲಯವಿರುವ ತಾಳಗಾಂವ್ ಗುಡ್ಡದ ಮೇಲೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಇಲ್ಲಿ ಕನ್ನಡಿಗರು ಎಚ್ಚರ ವಹಿಸಬೇಕಾದ ಒಂದು ಮಾತಿನ ಮೋಸವೂ ಇದೆ. ನಮ್ಮ ಪತ್ರಿಕೆಗಳಲ್ಲಿ ಕುಲಪತಿ ಎಂದರೆ ವೈಸ್ ಚಾನ್ಸಲರ್. ಮರಾಠಿಯಲ್ಲಿ ಕುಲಪತಿ ಎಂದರೆ ಚಾನ್ಸಲರ್, ಅಂದರೆ ರಾಜ್ಯಪಾಲರು, ಮತ್ತು ವೈಸ್ ಚಾನ್ಸಲರರು ಕುಲಗುರು. ಧಾರವಾಡದಿಂದ ಬಂದವರು ಪುಣೆಯಲ್ಲಿ ಬರೆಯುವ ಮೊದಲ ಪತ್ರದಲ್ಲಿಯೇ ಈ ತಪ್ಪು ಮಾಡಿದರೆ ಕಡತ ಎರಡು ಮೆಟ್ಟಿಲು ಮೇಲೆ ಹೋಗಿ ಕೂರುತ್ತದೆ. ಕುಲಸಚಿವ ಎಂಬ ಪದ ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ: ರಿಜಿಸ್ಟ್ರಾರ್, ಆಡಳಿತದ ಮುಖ್ಯಸ್ಥರು.

ಸರಕಾರಿ ವಿಶ್ವವಿದ್ಯಾಲಯದಲ್ಲಿ ‘ಎಚ್‌.ಆರ್. ಸಲಹೆಗಾರ’ ಎಂಬ ಫಲಕ ಹುಡುಕಿದರೆ ಬಹುಮಟ್ಟಿಗೆ ಸಿಗುವುದಿಲ್ಲ. ಅಲ್ಲಿ ಇರುವುದು ಸಿಬ್ಬಂದಿಯ ವಿಷಯ ನೋಡಿಕೊಳ್ಳುವ ಆಸ್ಥಾಪನಾ ವಿಭಾಗ, ಮತ್ತು ಕುಲಸಚಿವರ ಕೈಕೆಳಗಿನ ಉಪಕುಲಸಚಿವರು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ, ಪುಣೆಯ ಸಿಂಬಯೋಸಿಸ್‌ನಂಥ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಹಾಗೂ ವಿದೇಶಿ ಕ್ಯಾಂಪಸ್ಸುಗಳಲ್ಲಿ ಎಚ್‌.ಆರ್. ಎಂಬ ಹೆಸರೇ ಚಾಲ್ತಿಯಲ್ಲಿರುತ್ತದೆ.

ಸಲಹೆಗಾರ ಎಂಬ ಪದದ ತೂಕ

ಹೆಸರಿನಲ್ಲಿರುವ ಮೂರು ಪದಗಳಲ್ಲಿ ಬಹಳ ಜನ ‘ಹಿರಿಯ’ ಎಂಬುದನ್ನೇ ಮುಖ್ಯವೆಂದು ಭಾವಿಸುತ್ತಾರೆ. ನಿಜವಾಗಿ ಕೆಲಸದ ಸ್ವರೂಪವನ್ನು ಹೇಳುವ ಪದ ‘ಸಲಹೆಗಾರ’. ಈ ಹುದ್ದೆಯಲ್ಲಿರುವವರು ಪ್ರಾಧ್ಯಾಪಕರನ್ನು ಆಯ್ಕೆ ಮಾಡುವುದಿಲ್ಲ, ಬಡ್ತಿ ಕೊಡುವುದಿಲ್ಲ, ಶಿಕ್ಷೆ ವಿಧಿಸುವುದಿಲ್ಲ. ಆಯ್ಕೆ ಸಮಿತಿ, ವಿಭಾಗದ ಮುಖ್ಯಸ್ಥರು, ಡೀನ್, ಕುಲಸಚಿವರು, ಮಂಡಳಿ ಇವರಲ್ಲಿ ಯಾರಿಗೆ ಆ ಅಧಿಕಾರವಿದೆಯೋ ಅವರು ನಿರ್ಧರಿಸುತ್ತಾರೆ. ಹಾಗೆ ನಿರ್ಧರಿಸುವ ಮೊದಲು ‘ಇದು ನಿಯಮಕ್ಕೆ ಒಪ್ಪುತ್ತದೆಯೇ, ಕಳೆದ ಸಲ ಇಂಥದೇ ಪ್ರಸಂಗದಲ್ಲಿ ಏನು ಮಾಡಿದ್ದೆವು, ನಾಳೆ ಯಾರಾದರೂ ಪ್ರಶ್ನಿಸಿದರೆ ನಿಲ್ಲುತ್ತದೆಯೇ’ ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವವರೇ ಸಲಹೆಗಾರರು. ಸೊಸೈಟಿಯಲ್ಲಿ ಯಾವ ಪದವಿಯೂ ಇಲ್ಲದೆ, ಬೈಲಾ ಬಾಯಿಪಾಠವಿರುವ ಹಿರಿಯರೊಬ್ಬರು ಇರುತ್ತಾರಲ್ಲ, ಸೆಕ್ರೆಟರಿ ಮೀಟಿಂಗಿಗೆ ಮೊದಲು ಅವರ ಮನೆಗೆ ಹೋಗಿ ಚಹಾ ಕುಡಿದು ಬರುತ್ತಾರಲ್ಲ, ಸ್ಥಾನ ಹೆಚ್ಚುಕಡಿಮೆ ಅದೇ. ಅವರದು ಬಾಯಿಮಾತು, ಇವರದು ಕಡತದ ಟಿಪ್ಪಣಿ.

‘ಹಿರಿಯ’ ಎಂಬುದು ಸೇರುವುದು ಪ್ರಕರಣಗಳ ತೊಡಕಿನಿಂದ. ರಜೆಯ ಲೆಕ್ಕ, ಹಾಜರಿ, ಸಂಬಳದ ಚೀಟಿ ಇವನ್ನು ಸಹಾಯಕರು ನೋಡಿಕೊಳ್ಳುತ್ತಾರೆ. ಒಂದಕ್ಕಿಂತ ಹೆಚ್ಚು ನಿಯಮಗಳು ಒಂದನ್ನೊಂದು ತಾಗುವ ಪ್ರಸಂಗಗಳು ಹಿರಿಯರ ಮೇಜಿಗೆ ಬರುತ್ತವೆ.

ನೇಮಕಾತಿ: ಒಂದು ಕುರ್ಚಿಯ ಹಿಂದಿನ ಲೆಕ್ಕ

ವಿಶ್ವವಿದ್ಯಾಲಯದ ಎಚ್‌.ಆರ್. ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವುದು, ಹೊರಗಿನವರಿಗೆ ಅತಿ ಕಡಿಮೆ ಅರ್ಥವಾಗುವುದು, ಬೋಧಕರ ನೇಮಕಾತಿ. ಒಬ್ಬ ಪ್ರೊಫೆಸರ್ ನಿವೃತ್ತರಾದರೆ ಮರುತಿಂಗಳೇ ಇನ್ನೊಬ್ಬರನ್ನು ತಂದು ಕೂರಿಸಬಾರದೇಕೆ ಎಂದು ವಿದ್ಯಾರ್ಥಿಗಳ ಪಾಲಕರು ಕೇಳುವುದುಂಟು. ಸರಕಾರಿ ಅನುದಾನದ ಹುದ್ದೆಯಾದರೆ ಮೊದಲು ಆ ಹುದ್ದೆ ತುಂಬಲು ಸರಕಾರದ ಅನುಮತಿ ಬೇಕು. ಬಳಿಕ ಆ ಹುದ್ದೆ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ರೋಸ್ಟರ್ ನೋಡಿ ತೀರ್ಮಾನಿಸಬೇಕು. ರೋಸ್ಟರನ್ನು ಮಹಾರಾಷ್ಟ್ರದ ಕಚೇರಿಗಳಲ್ಲಿ ಬಿಂದುನಾಮಾವಳಿ ಎನ್ನುತ್ತಾರೆ. ಅದು ಕುರ್ಚಿಗಳಿಗೆ ಕ್ರಮವಾಗಿ ಅಂಕಿ ಕೊಟ್ಟು, ಇಷ್ಟನೆಯ ಕುರ್ಚಿ ಇಂಥ ವರ್ಗದ್ದು ಎಂದು ಮೊದಲೇ ಬರೆದಿಟ್ಟ ಪಟ್ಟಿ.

ಈ ಪಟ್ಟಿಯನ್ನು ಎಲ್ಲಿಂದ ಎಣಿಸಲು ಶುರು ಮಾಡಬೇಕು ಎಂಬ ಒಂದು ಪ್ರಶ್ನೆಯೇ ದೇಶದ ಉನ್ನತ ಶಿಕ್ಷಣವನ್ನು ಎರಡು ವರ್ಷ ಅಲುಗಾಡಿಸಿತ್ತು. ಕೇಂದ್ರದ ಪ್ರಮಾಣದಂತೆ ಇತರ ಹಿಂದುಳಿದ ವರ್ಗಕ್ಕೆ ಶೇ. 27, ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5. ಇದನ್ನು ಕುರ್ಚಿಗಳ ಸಾಲಿಗೆ ಇಳಿಸಿದರೆ, ಎಣಿಕೆಯಲ್ಲಿ 4ನೆಯ ಕುರ್ಚಿ ಹಿಂದುಳಿದ ವರ್ಗಕ್ಕೆ, 7ನೆಯದು ಪರಿಶಿಷ್ಟ ಜಾತಿಗೆ, 14ನೆಯದು ಪರಿಶಿಷ್ಟ ಪಂಗಡಕ್ಕೆ ಮೊದಲು ಬರುತ್ತದೆ. ಇಡೀ ವಿಶ್ವವಿದ್ಯಾಲಯವನ್ನು ಒಂದೇ ಸಾಲೆಂದು ಎಣಿಸಿದರೆ ನೂರಾರು ಕುರ್ಚಿಗಳಲ್ಲಿ ಎಲ್ಲರ ಸರದಿಯೂ ಬರುತ್ತದೆ. ವಿಭಾಗವೊಂದೊಂದನ್ನೂ ಬೇರೆ ಸಾಲೆಂದು ಎಣಿಸಿದರೆ, ಮೂವರೇ ಬೋಧಕರಿರುವ ಒಂದು ಚಿಕ್ಕ ಭಾಷಾ ವಿಭಾಗದಲ್ಲಿ 4ನೆಯ ಕುರ್ಚಿ ಸುಲಭವಾಗಿ ಬರುವುದೇ ಇಲ್ಲ. 2017ರಲ್ಲಿ ಅಲಹಾಬಾದ್ ಹೈಕೋರ್ಟು ವಿಭಾಗವೇ ಎಣಿಕೆಯ ಘಟಕವೆಂದಿತು, 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದರಂತೆ ಸೂಚನೆ ಹೊರಡಿಸಿತು, ಹಲವೆಡೆ ನೇಮಕಾತಿ ನಿಂತಿತು, ಕೊನೆಗೆ 2019ರಲ್ಲಿ ಸಂಸತ್ತು ಕಾಯ್ದೆ ಮಾಡಿ ಕೇಂದ್ರೀಯ ಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಘಟಕವೆಂದು ನಿಶ್ಚಯಿಸಿತು. ಕಡತದಲ್ಲಿ ‘ಘಟಕ’ ಎಂಬ ಒಂದು ಪದ ಬದಲಾದರೆ ಯಾರ ಬದುಕು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತೋರುವುದಿಲ್ಲ. ರಾಜ್ಯಗಳ ಪ್ರಮಾಣ ಬೇರೆ, ಮಹಾರಾಷ್ಟ್ರದಲ್ಲಿ ಮೀಸಲು ವರ್ಗಗಳ ವಿಂಗಡಣೆಯೂ ಬೇರೆ. ಆದ್ದರಿಂದ ಜಾಹೀರಾತು ಹೊರಡುವ ಮೊದಲು ಈ ಎಣಿಕೆಯನ್ನು ತಪ್ಪಿಲ್ಲದೆ ಮಾಡಿಸುವುದು ಸಲಹೆಗಾರರ ಮೊದಲ ಹೊಣೆ.

ಅರ್ಜಿ ಬಂದ ಮೇಲೆ ಅರ್ಹತೆಯ ಪರಿಶೀಲನೆ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ಅಂಥ ಪರೀಕ್ಷೆ, ಇಲ್ಲವೇ ನಿಗದಿತ ರೀತಿಯ ಪಿಎಚ್.ಡಿ. ಬೇಕು. ಆಮೇಲೆ ಆಯ್ಕೆ ಸಮಿತಿ ಕೂರುತ್ತದೆ. ಅದರಲ್ಲಿ ಕನಿಷ್ಠ ನಾಲ್ವರು ಹಾಜರಿರಬೇಕು, ಆ ನಾಲ್ವರಲ್ಲಿ ಇಬ್ಬರು ಹೊರಗಿನ ವಿಷಯತಜ್ಞರಾಗಿರಬೇಕು. ವಿಮಾನ ತಪ್ಪಿ ಒಬ್ಬ ತಜ್ಞರು ಬಾರದೇ ಹೋದರು, ಉಳಿದ ಹೊರಗಿನವರು ಒಬ್ಬರೇ ಎಂದಿಟ್ಟುಕೊಳ್ಳಿ. ನಾಗಪುರದಿಂದ, ಬೆಳಗಾವಿಯಿಂದ ಬಂದ ಅಭ್ಯರ್ಥಿಗಳು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ‘ಇಷ್ಟು ದೂರದಿಂದ ಬಂದಿದ್ದಾರೆ, ನಡೆಸಿಬಿಡೋಣ’ ಎಂದು ಒಳಗಿನವರು ಹೇಳುತ್ತಾರೆ. ಬೇಡ ಎನ್ನಬೇಕಾದವರು ಸಲಹೆಗಾರರು, ಏಕೆಂದರೆ ಅಂದು ಆಯ್ಕೆಯಾದವರ ಕೆಲಸವೇ ಮೂರು ವರ್ಷದ ನಂತರ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಆ ದಿನ ಎಲ್ಲರ ಸಿಟ್ಟು ಅವರ ಮೇಲೆ ಬೀಳುತ್ತದೆ ಎಂಬುದನ್ನೂ ಹೇಳಬೇಕು.

ಬಡ್ತಿಯ ಏಣಿ

ಬೋಧಕರ ಬಡ್ತಿಗೆ ಸಿಎಎಸ್ (ಕರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್) ಎಂಬ ಪದ್ಧತಿ ಇದೆ. ಮೇಲಿನ ಕುರ್ಚಿ ಖಾಲಿಯಾಗುವವರೆಗೆ ಕಾಯದೆ, ಕೆಲಸ ಮತ್ತು ಅರ್ಹತೆಯ ಆಧಾರದಲ್ಲಿ ತಮ್ಮದೇ ಕುರ್ಚಿಯನ್ನು ಎತ್ತರಿಸಿಕೊಳ್ಳುವ ವ್ಯವಸ್ಥೆ ಅದು. ಏಳನೆಯ ವೇತನ ಆಯೋಗದ ನಂತರದ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರು ವೇತನದ ಹಂತ 10ರಲ್ಲಿ ಸೇರುತ್ತಾರೆ, ಆರಂಭದ ಮೂಲವೇತನ 57,700 ರೂಪಾಯಿ. ಪಿಎಚ್.ಡಿ. ಇದ್ದವರು 4 ವರ್ಷಕ್ಕೆ, ಎಂ.ಫಿಲ್. ಇದ್ದವರು 5 ವರ್ಷಕ್ಕೆ, ಇಲ್ಲದವರು 6 ವರ್ಷಕ್ಕೆ ಹಂತ 11ಕ್ಕೆ ಅರ್ಹರಾಗುತ್ತಾರೆ. ಅಲ್ಲಿಂದ 5 ವರ್ಷಕ್ಕೆ ಹಂತ 12. ಮತ್ತೆ 3 ವರ್ಷಕ್ಕೆ 13ಎ, ಅಂದರೆ ಸಹ ಪ್ರಾಧ್ಯಾಪಕ ಪದವಿ, 1,31,400 ರೂಪಾಯಿ. ಇನ್ನೂ 3 ವರ್ಷಕ್ಕೆ ಪ್ರಾಧ್ಯಾಪಕ, ಹಂತ 14, 1,44,200 ರೂಪಾಯಿ. ವರ್ಷ ತುಂಬಿದರೆ ಸಾಲದು. ಪಾಠ ಮಾಡಿದ ದಾಖಲೆ, ರಿಫ್ರೆಶರ್ ಕೋರ್ಸು, ಸಂಶೋಧನೆ ಇವೆಲ್ಲ ಕೂಡಿಬರಬೇಕು.

ತೊಡಕು ಹುಟ್ಟುವುದು ದಿನಾಂಕಗಳಲ್ಲಿ. ಒಬ್ಬರು ಅರ್ಹರಾದ ದಿನ, ಅರ್ಜಿ ಕೊಟ್ಟ ದಿನ, ಸಮಿತಿ ಕುಳಿತ ದಿನ, ಆದೇಶ ಹೊರಟ ದಿನ ಈ ನಾಲ್ಕರ ನಡುವೆ ಎರಡು ಮೂರು ವರ್ಷ ಸರಿದುಹೋಗಿರಬಹುದು. ಬಾಕಿ ಸಂಬಳ ಯಾವ ದಿನದಿಂದ ಎಂಬುದು ಲಕ್ಷಾಂತರ ರೂಪಾಯಿಯ ಪ್ರಶ್ನೆ. ಆಗ ನೆರವಿಗೆ ಬರುವುದು ಸೇವಾ ಪುಸ್ತಕ, ಅಂದರೆ ಉದ್ಯೋಗಿಯ ಸೇರ್ಪಡೆಯಿಂದ ನಿವೃತ್ತಿಯವರೆಗಿನ ಪ್ರತಿಯೊಂದು ಘಟನೆಯನ್ನು ನಮೂದಿಸುವ ದಫ್ತರು. ಅದೊಂದು ಬಗೆಯ ಜಾತಕ. ಆದರೆ ಇಲ್ಲಿ ಬರೆದದ್ದು ಮಾತ್ರ ನಡೆದಂತೆ, ಬರೆಯದ್ದು ನಡೆಯದಂತೆ.

ಗಂಟೆಯ ಲೆಕ್ಕದ ಮೇಷ್ಟ್ರು

ಕರ್ನಾಟಕದಲ್ಲಿ ಅತಿಥಿ ಉಪನ್ಯಾಸಕರು ಎನ್ನುವ ವರ್ಗಕ್ಕೆ ಮಹಾರಾಷ್ಟ್ರದಲ್ಲಿ ಸಿಎಚ್‌ಬಿ ಎನ್ನುತ್ತಾರೆ: ಕ್ಲಾಕ್ ಅವರ್ ಬೇಸಿಸ್, ಅಂದರೆ ತಾಸಿನ ಲೆಕ್ಕದಲ್ಲಿ ಪಾಠ ಮಾಡಿ, ತಾಸಿನ ಲೆಕ್ಕದಲ್ಲಿ ಹಣ ಪಡೆಯುವವರು. ಇವರ ಹೊರತಾಗಿ ನಿಶ್ಚಿತ ಅವಧಿಯ ಗುತ್ತಿಗೆ, ಸಂಶೋಧನಾ ಯೋಜನೆ ಮುಗಿಯುವವರೆಗಿನ ನೇಮಕ, ಹೊರಗುತ್ತಿಗೆಯ ಕಾವಲುಗಾರರು ಹೀಗೆ ಒಂದೇ ಆವರಣದಲ್ಲಿ ಐದಾರು ಬಗೆಯ ಉದ್ಯೋಗಗಳಿರುತ್ತವೆ. ಒಂದೇ ಕೊಠಡಿಯಲ್ಲಿ ಒಂದೇ ಪಾಠ ಮಾಡುವ ಇಬ್ಬರಲ್ಲಿ ಒಬ್ಬರಿಗೆ ರಜೆ, ಪಿಎಫ್, ಹೆರಿಗೆ ಸೌಲಭ್ಯ ಎಲ್ಲವೂ ಇದ್ದು ಇನ್ನೊಬ್ಬರಿಗೆ ಯಾವುದೂ ಇಲ್ಲದಿರಬಹುದು. ಯಾರಿಗೆ ಯಾವ ಹಕ್ಕು ಇದೆ, ಗುತ್ತಿಗೆ ಮತ್ತೆ ಮತ್ತೆ ನವೀಕರಣವಾದರೆ ಸಂಸ್ಥೆಯ ಹೊಣೆ ಎಲ್ಲಿಗೆ ಬರುತ್ತದೆ ಎಂಬುದನ್ನು ವಿಭಾಗದ ಮುಖ್ಯಸ್ಥರಿಗೆ ಮೊದಲೇ ತಿಳಿಸಿ ಹೇಳುವುದು ಸಲಹೆಗಾರರ ಕೆಲಸ. ಪಾಠವರ್ಷದ ಆರಂಭದಲ್ಲಿ, ಆಗಸ್ಟಿನಲ್ಲಿ, ಹೇಳಬೇಕಾದ್ದನ್ನು ವರ್ಷ ಮುಗಿಯುವ ಏಪ್ರಿಲ್‌ನಲ್ಲಿ ಹೇಳಿದರೆ ಅದು ಸಲಹೆಯಾಗುವುದಿಲ್ಲ, ಸಬೂಬಾಗುತ್ತದೆ.

ಮೇಷ್ಟ್ರು ಕಾರ್ಮಿಕರೇ?

ಇದು ತಮಾಷೆಯ ಪ್ರಶ್ನೆಯಲ್ಲ, ಇದರ ಮೇಲೆ ಹಲವು ಹಕ್ಕುಗಳು ನಿಂತಿವೆ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೈಗಾರಿಕಾ ವಿವಾದಗಳ ಕಾಯ್ದೆಯ ‘ಉದ್ಯಮ’ ಎಂಬ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟು, ಶಿಕ್ಷಣ ಸಂಸ್ಥೆಯೂ ಅದರೊಳಗೆ ಬರುತ್ತದೆ ಎಂದಿತು. ಹತ್ತು ವರ್ಷದ ಬಳಿಕ, 1988ರಲ್ಲಿ, ಗೋವಾದ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಂಸ್ಥೆ ಉದ್ಯಮವಾದರೂ ಪಾಠ ಹೇಳುವವರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಿತು. ಹೀಗಾಗಿ ಒಂದೇ ಕಟ್ಟಡದಲ್ಲಿ ಜವಾನನ, ಚಾಲಕನ ವಿವಾದ ಒಂದು ಬಾಗಿಲಿಗೆ, ಪ್ರೊಫೆಸರರ ವಿವಾದ ಇನ್ನೊಂದು ಬಾಗಿಲಿಗೆ ಹೋಗುವಂತಾಯಿತು. ಮಹಾರಾಷ್ಟ್ರದಲ್ಲಿ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ನೌಕರರಿಗಾಗಿಯೇ ಒಂದು ನ್ಯಾಯಮಂಡಳಿ ಇದೆ.

ಗ್ರಾಚ್ಯುಯಿಟಿಯ ಕಥೆಯೂ ಇಂಥದೇ. ಸಂಸ್ಥೆ ಬಿಡುವಾಗ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ ಲೆಕ್ಕ ಹಾಕಿ ಕೊಡುವ ಈ ಇಡಿಗಂಟು 1972ರ ಕಾಯ್ದೆಯಿಂದ ಬಂದದ್ದು. ಶಿಕ್ಷಕರು ಅದರೊಳಗೆ ಬರುವುದಿಲ್ಲ ಎಂದು 2004ರಲ್ಲಿ ತೀರ್ಪಾಯಿತು; 2009ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು; ಖಾಸಗಿ ಶಾಲೆಗಳು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಸ್ಥಾನ ಹಿಡಿದಿರುವುದರಿಂದ, ಯಾರು ಕಾರ್ಮಿಕ, ಯಾವುದು ವೇತನ ಎಂಬ ವ್ಯಾಖ್ಯೆಗಳನ್ನು ಮತ್ತೆ ಮೊದಲಿನಿಂದ ಓದಬೇಕಾಗಿ ಬಂದಿದೆ. ಹತ್ತು ವರ್ಷದ ಹಿಂದೆ ಕಲಿತ ಎಚ್‌.ಆರ್. ಪಾಠ ಇಂದಿಗೆ ಸಾಲದಿರುವುದು ಇದಕ್ಕೇ.

ದೂರು ಬಂದಾಗ

ಕೆಲಸದ ಅತಿ ಭಾರವಾದ ಭಾಗ ಇದು. ಒಂದು ಪ್ರಯೋಗಾಲಯದ ಸಾಮಗ್ರಿ ಖರೀದಿಯಲ್ಲಿ ಅಕ್ರಮ ನಡೆದಿದೆ ಎಂದು ಒಬ್ಬ ಪ್ರಾಧ್ಯಾಪಕರ ಮೇಲೆ ಸಹೋದ್ಯೋಗಿ ಬರೆದುಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಕ್ಯಾಂಟೀನಿನಲ್ಲಿ ಮರುದಿನವೇ ತೀರ್ಪು ಬಂದುಬಿಟ್ಟಿರುತ್ತದೆ. ಕಡತದಲ್ಲಿ ಮಾತ್ರ ಅದು ಒಂದೊಂದೇ ಮೆಟ್ಟಿಲು ಹತ್ತಬೇಕು: ದೂರಿನಲ್ಲಿ ಹುರುಳಿದೆಯೇ ಎಂಬ ಪ್ರಾಥಮಿಕ ವಿಚಾರಣೆ, ಇದ್ದರೆ ನಿರ್ದಿಷ್ಟ ಆರೋಪಗಳ ಪಟ್ಟಿ, ಉತ್ತರಿಸಲು ಸಮಯ, ಸ್ವತಂತ್ರ ವಿಚಾರಣಾಧಿಕಾರಿ, ಸಾಕ್ಷಿಗಳು, ಪಾಟೀಸವಾಲು, ವರದಿ, ಆ ವರದಿಯ ಪ್ರತಿಯನ್ನು ಆರೋಪಿತರಿಗೆ ಕೊಟ್ಟು ಅವರ ಮಾತು ಕೇಳುವುದು, ಕೊನೆಗೆ ಅಧಿಕಾರವುಳ್ಳವರ ನಿರ್ಧಾರ. ವರದಿಯ ಪ್ರತಿ ಕೊಡಲೇಬೇಕೆಂಬುದು 1993ರ ಸುಪ್ರೀಂ ಕೋರ್ಟ್ ತೀರ್ಪು. ವಿಚಾರಣೆಯ ಕಾಲದಲ್ಲಿ ಅಮಾನತು ಮಾಡಿದರೂ ಅದು ಶಿಕ್ಷೆಯಲ್ಲ. ಆ ಅವಧಿಯಲ್ಲಿ ಜೀವನಾಂಶ ಭತ್ಯೆ ಕೊಡಬೇಕಾಗುತ್ತದೆ.

ಇಷ್ಟೆಲ್ಲ ಏಕೆ ಎಂದರೆ, ನ್ಯಾಯದ ಎರಡು ಹಳೆಯ ತತ್ತ್ವಗಳಿಗಾಗಿ. ಎದುರಿನವರ ಮಾತು ಕೇಳದೆ ತೀರ್ಪು ಕೊಡಬಾರದು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಊರಿನ ಪಂಚಾಯಿತಿಕಟ್ಟೆಯಲ್ಲಿ ಕುಳಿತವರಿಗೂ ಇದು ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಎರಡನೆಯ ತತ್ತ್ವ ವಿಶೇಷ ಕಷ್ಟದ್ದು, ಏಕೆಂದರೆ ಇಲ್ಲಿ ಎಲ್ಲರೂ ಎಲ್ಲರ ಗುರುಗಳು ಅಥವಾ ಶಿಷ್ಯರು. ಆರೋಪಿತರ ಪಿಎಚ್.ಡಿ. ಮಾರ್ಗದರ್ಶಕರೇ ಇಂದು ಡೀನ್ ಆಗಿರಬಹುದು, ದೂರುದಾರರು ವಿಚಾರಣಾಧಿಕಾರಿಯ ಜೊತೆ ಪ್ರಬಂಧ ಬರೆದಿರಬಹುದು. ಈ ನಂಟುಗಳನ್ನು ಹುಡುಕಿ ಬಿಡಿಸಿ, ಯಾರನ್ನು ಸಮಿತಿಯಿಂದ ಹೊರಗಿಡಬೇಕೆಂದು ಹೇಳುವುದು ಸಲಹೆಗಾರರ ಪಾಲಿನ ಸೂಕ್ಷ್ಮ ಕೆಲಸ.

ಲೈಂಗಿಕ ಕಿರುಕುಳದ ದೂರು ಬಂದರೆ ದಾರಿಯೇ ಬೇರೆ. 2013ರ ಕಾಯ್ದೆ ಮತ್ತು ಅದಕ್ಕೆ ಅನುಗುಣವಾಗಿ ಬಂದ ಯುಜಿಸಿಯ 2015ರ ನಿಯಮಾವಳಿಯಂತೆ ಅದು ಆಂತರಿಕ ಸಮಿತಿಗೆ ಹೋಗುತ್ತದೆ. ಹಿರಿಯ ಮಹಿಳೆಯೊಬ್ಬರು ಅದರ ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ದೂರಿಗೂ ಇದೇ ಸಮಿತಿ. ಘಟನೆಯ ಬಳಿಕ ಸಾಮಾನ್ಯವಾಗಿ 3 ತಿಂಗಳೊಳಗೆ ದೂರು ಕೊಡಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು, ಹೆಸರುಗಳು ಹೊರಬೀಳಬಾರದು. ಇಲ್ಲಿ ಸಲಹೆಗಾರರು ಕಲಿಯಬೇಕಾದ್ದು ದೂರ ಉಳಿಯುವುದನ್ನು. ಸಮಿತಿಗೆ ಬೇಕಾದ ಕೊಠಡಿ, ಸಮಯ, ದಾಖಲೆ ಒದಗಿಸಬೇಕು. ‘ಕರೆದು ಮಾತಾಡಿ ಮುಗಿಸಿಬಿಡಿ’ ಎಂಬ ಮೇಲಿನವರ ಸೂಚನೆಗೆ ಸಿಕ್ಕಿಕೊಳ್ಳಬಾರದು.

ಎಚ್‌.ಆರ್. ಯಾರ ಕಡೆಯವರು?

ಉದ್ಯೋಗಿಗಳ ಮನಸ್ಸಿನಲ್ಲಿರುವ ಪ್ರಶ್ನೆ ಇದು, ಬಾಯಿಬಿಟ್ಟು ಕೇಳುವವರು ಕಡಿಮೆ. ಸಲಹೆಗಾರರ ಸಂಬಳ ಕೊಡುವುದು ಸಂಸ್ಥೆ, ಆದ್ದರಿಂದ ಅವರು ವಕೀಲರಂತೆ ಉದ್ಯೋಗಿಯ ಪರ ವಾದಿಸುವವರಲ್ಲ. ಉದ್ಯೋಗಿಯ ಪರವಾಗಿ ನಿಲ್ಲಲು ಶಿಕ್ಷಕರ ಸಂಘ, ಶಿಕ್ಷಕೇತರ ನೌಕರರ ಸಂಘಗಳಿವೆ. ಆದರೆ ಸಂಸ್ಥೆಯ ಹಿತವೆಂದರೆ ಕುಲಗುರುಗಳ ಅಥವಾ ಮುಖ್ಯಸ್ಥರ ಅಂದಿನ ಮನಸ್ಸಿನ ಹಿತವಲ್ಲ. ನಿಯಮ ಮೀರಿದ ಆದೇಶದಿಂದ ಸಂಸ್ಥೆಗೇ ನಷ್ಟ ಎಂದು ಟಿಪ್ಪಣಿ ಬರೆದಿಡುವುದು ಉದ್ಯೋಗಿಗೂ ಅನೇಕ ಸಲ ರಕ್ಷೆಯಾಗುತ್ತದೆ. ಅವರ ಬಳಿ ಗುಟ್ಟಾಗಿ ಹೇಳಿದ್ದೆಲ್ಲ ಗುಟ್ಟಾಗಿಯೇ ಉಳಿಯುತ್ತದೆ ಎಂದು ತಿಳಿಯುವುದೂ ತಪ್ಪು. ಕೆಲವು ವಿಷಯಗಳನ್ನು ತಿಳಿದ ಮೇಲೆ ಮುಂದಿನ ಕ್ರಮಕ್ಕೆ ಕಳಿಸಲೇಬೇಕಾಗುತ್ತದೆ, ಮತ್ತು ಒಳ್ಳೆಯ ಸಲಹೆಗಾರರು ಮಾತು ಆರಂಭವಾಗುವ ಮೊದಲೇ ಇದನ್ನು ಎದುರಿನವರಿಗೆ ಹೇಳಿರುತ್ತಾರೆ.

ರಜೆ ಮತ್ತು ನಿವೃತ್ತಿಯ ವಿಷಯದಲ್ಲಿ ಬರುವ ಪ್ರಶ್ನೆಗಳು ಬಹುಪಾಲು ಸರಳ, ಉತ್ತರ ಮಾತ್ರ ದಿನಾಂಕದ ಮೇಲೆ ನಿಂತಿರುತ್ತದೆ. ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ಕ್ಕೆ ಮೊದಲು ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ, ಆ ದಿನದಿಂದ ಈಚೆಗೆ ಸೇರಿದವರಿಗೆ ಸಾಮಾನ್ಯವಾಗಿ ವಂತಿಗೆಯ ಪಿಂಚಣಿ. ಒಂದು ದಿನದ ಅಂತರ ಇಡೀ ಮುಪ್ಪಿನ ಲೆಕ್ಕವನ್ನು ಬದಲಿಸುತ್ತದೆ.

ವಿದೇಶಿ ಕ್ಯಾಂಪಸ್ಸಿನಲ್ಲಿ ಏನು ಬೇರೆ?

2023ರ ಯುಜಿಸಿ ನಿಯಮಾವಳಿ ಇಂಥ ಕ್ಯಾಂಪಸ್ಸುಗಳಿಗೆ ತಮ್ಮದೇ ರೀತಿಯಲ್ಲಿ ಸಿಬ್ಬಂದಿ ನೇಮಿಸಿಕೊಳ್ಳುವ, ವೇತನ ನಿರ್ಧರಿಸುವ ಸ್ವಾತಂತ್ರ್ಯ ಕೊಟ್ಟಿದೆ; ಬೋಧಕರ ಅರ್ಹತೆ ಮೂಲ ಕ್ಯಾಂಪಸ್ಸಿನ ಮಟ್ಟದಲ್ಲಿಯೇ ಇರಬೇಕೆಂದಿದೆ. ಹಾಗಾಗಿ ಸಲಹೆಗಾರರ ಮೇಜಿನ ಮೇಲೆ ಎರಡು ದೇಶಗಳ ರೂಢಿಗಳು ಒಟ್ಟಿಗೆ ಬಂದು ಕೂರುತ್ತವೆ. ಬ್ರಿಟನ್ನಿನಲ್ಲಿ ನಿಶ್ಚಿತ ಅವಧಿಯ ಗುತ್ತಿಗೆಯಲ್ಲಿ ಸತತ 4 ವರ್ಷ ಕಳೆದವರು, ಸಂಸ್ಥೆ ತಕ್ಕ ಕಾರಣ ತೋರಿಸದಿದ್ದರೆ, ಕಾಯಂ ನೌಕರರೆಂದು ಪರಿಗಣಿತರಾಗುತ್ತಾರೆ. 2002ರ ನಿಯಮ ಅದು, ಆ ದೇಶದ ನಿಯಮ. ಅಲ್ಲಿಯ ಬಹುತೇಕ ವಿಶ್ವವಿದ್ಯಾಲಯಗಳು 2004ರ ಒಪ್ಪಂದದಂತೆ ಬೋಧಕ, ಬೋಧಕೇತರ ಎಲ್ಲರಿಗೂ 51 ಮೆಟ್ಟಿಲುಗಳ ಒಂದೇ ವೇತನಶ್ರೇಣಿ ಇಟ್ಟುಕೊಂಡವು. ಇವಾವುವೂ ನವಿ ಮುಂಬೈಯ ಉದ್ಯೋಗಿಗೆ ತಾವಾಗಿಯೇ ಅನ್ವಯಿಸುವುದಿಲ್ಲ. ಇಲ್ಲಿ ದುಡಿಯುವವರಿಗೆ ಇಲ್ಲಿನ ಕಾಯ್ದೆ. ಯಾರ್ಕಿನಿಂದ ಬಂದ ಮುಖ್ಯಸ್ಥರಿಗೆ ಭಾರತದ 26 ವಾರಗಳ ಹೆರಿಗೆ ರಜೆಯನ್ನೂ, ಇಲ್ಲಿಯ ಅಭ್ಯರ್ಥಿಗೆ ನೇಮಕಪತ್ರದಲ್ಲಿ ಬರೆದ ಪರೀಕ್ಷಾರ್ಥ ಅವಧಿಯ ಅರ್ಥವನ್ನೂ ತಿಳಿಸಿಕೊಡುವ ದುಭಾಷಿಯಾಗಿ ಸಲಹೆಗಾರರು ನಿಲ್ಲಬೇಕಾಗುತ್ತದೆ.

ಈ ಕೆಲಸಕ್ಕೆ ಹೋಗುವವರಿಗೆ ಬೇಕಾದ್ದು

ಎಂ.ಬಿ.ಎ. ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಕಾರ್ಮಿಕ ಕಾನೂನಿನ ತಿಳಿವಳಿಕೆ, ಕೆಲವು ವರ್ಷಗಳ ಅನುಭವ ಇವು ಜಾಹೀರಾತಿನಲ್ಲಿ ಕಾಣುವಂಥವು. ಕಾಣದಿರುವ ಒಂದು ಅರ್ಹತೆ ಮರಾಠಿ. ಮಹಾರಾಷ್ಟ್ರ ಸರಕಾರದ ಆದೇಶವನ್ನು ಎಲ್ಲರೂ ಜಿ.ಆರ್. (ಗವರ್ನಮೆಂಟ್ ರೆಸಲ್ಯೂಶನ್) ಎನ್ನುತ್ತಾರೆ; ಅದು ಹೊರಡುವುದು ಮರಾಠಿಯಲ್ಲಿ, ಉದ್ದುದ್ದ ಸಮಾಸಗಳ ಆಡಳಿತ ಮರಾಠಿಯಲ್ಲಿ. ಮುಂಬೈಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ, ರಾತ್ರಿ ಶಾಲೆಗಳಲ್ಲಿ ಓದಿದ ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲಿ ಮರಾಠಿ ಆಡಿ, ರಾತ್ರಿ ಕನ್ನಡದಲ್ಲಿ ಪಾಠ ಕೇಳಿ ಎರಡನ್ನೂ ದಕ್ಕಿಸಿಕೊಂಡವರು. ಅವರ ಮಕ್ಕಳಿಗೆ ಸಂದರ್ಶನದಲ್ಲಿ ಇಂಗ್ಲಿಷ್ ಸಾಕಾಗಬಹುದು. ಸರಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲಿ ಸೇರಿದ ಮೊದಲ ವಾರವೇ ಮೇಜಿಗೆ ಬರುವ ಕಡತದ ಮೇಲೆ ಮಾತ್ರ ‘ಶಾಸನ ನಿರ್ಣಯಾನ್ವಯೇ’, ಅಂದರೆ ಸರಕಾರದ ನಿರ್ಣಯದಂತೆ, ಎಂದು ಶುರುವಾಗುವ ಟಿಪ್ಪಣಿ ಇರುತ್ತದೆ, ಮತ್ತು ಅದರ ಕೊನೆಯ ಸಾಲಿನಲ್ಲಿ ‘ಅಭಿಪ್ರಾಯ’ ಎಂಬ ಪದದ ಮುಂದೆ ಸಲಹೆಗಾರರಿಗಾಗಿ ಖಾಲಿ ಜಾಗ ಬಿಟ್ಟಿರುತ್ತಾರೆ.